ದಸ್ತಗಿರಿಯ ಭಾವಚಿತ್ರ

ಕಳ್ಳನ ತಲೆ ಬೋಳಿಸಿ, ಮುಖಕ್ಕೆ ಸುಣ್ಣದ ಬೊಟ್ಟಿಟ್ಟು, ಕತ್ತೆಯ ಮೇಲೆ ಹಿಂದುಮುಂದಾಗಿ ಕೂರಿಸಿ ಊರ ಬೀದಿಗಳಲ್ಲಿ ಮೆರೆಸುವ ಶಿಕ್ಷೆಯೊಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಅದು ಅನಾಗರಿಕವೆಂದು ನಾವು ಕೈಬಿಟ್ಟೆವು. ಬಿಟ್ಟದ್ದು ಒಳ್ಳೆಯದೇ ಆಯಿತು. ಆದರೂ ಆ ಶಿಕ್ಷೆಯ ಪರವಾಗಿ ಎರಡು ಮಾತು ಹೇಳದೆ ವಿಧಿಯಿಲ್ಲ. ಹತ್ತು ಜನ ಕೂಡಿ ವಿಚಾರಿಸಿ, ಇವನು ತಪ್ಪಿತಸ್ಥನೆಂದು ತೀರ್ಮಾನಿಸಿದ ಮೇಲೆ ಕತ್ತೆಯನ್ನು ತರಿಸುತ್ತಿದ್ದರು, ಮೊದಲೇ ಅಲ್ಲ. ಸಂಜೆಯಾದರೆ ಕತ್ತೆ ತನ್ನ ಮನೆಗೆ ಹೋಗುತ್ತಿತ್ತು, ಸುಣ್ಣ ತೊಳೆದರೆ ಹೋಗುತ್ತಿತ್ತು, ಮೂರು ತಿಂಗಳಲ್ಲಿ ಕೂದಲು ಬೆಳೆಯುತ್ತಿತ್ತು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇಂದು ನಡೆಯುತ್ತಿರುವ ಮೆರವಣಿಗೆಗೆ ಈ ಎರಡು ಗುಣಗಳಲ್ಲಿ ಒಂದೂ ಇಲ್ಲ.

ಅಲ್ಲಿಯ ಕ್ರಮ ಇದು. ಒಬ್ಬನನ್ನು ಪೋಲೀಸರು ಹಿಡಿದರೆ ಮೊದಲು ಕೌಂಟಿಯ ಸೆರೆಮನೆಗೆ ಒಯ್ಯುತ್ತಾರೆ. (ಕೌಂಟಿಯೆಂದರೆ ಸುಮಾರಾಗಿ ನಮ್ಮ ಜಿಲ್ಲೆಯೆನ್ನಿ, ಷೆರೀಫನೆಂದರೆ ಜನರೇ ಚುನಾಯಿಸಿದ ಅಲ್ಲಿಯ ಪೋಲೀಸು ಮುಖ್ಯಸ್ಥ.) ಹೆಸರು, ಹುಟ್ಟಿದ ತಾರೀಖು, ಎತ್ತರ, ತೂಕ, ಹೊರಿಸಿದ ಆಪಾದನೆ, ಜಾಮೀನಿನ ಮೊತ್ತ ಇವನ್ನು ದಾಖಲು ಮಾಡುತ್ತಾರೆ, ಬೆರಳಚ್ಚು ತೆಗೆಯುತ್ತಾರೆ, ಗೋಡೆಗೆ ನಿಲ್ಲಿಸಿ ಭಾವಚಿತ್ರ ಹಿಡಿಯುತ್ತಾರೆ. ಎದುರಿನಿಂದೊಂದು, ಪಕ್ಕದಿಂದೊಂದು ಎಂಬ ಪದ್ಧತಿಯನ್ನು 1880ರ ದಶಕದಲ್ಲಿ ಪ್ಯಾರಿಸ್ ಪೋಲೀಸಿನ ಆಲ್ಫೋನ್ಸ್ ಬರ್ಟಿಲೋನ್ ರೂಢಿಗೆ ತಂದ. ಒಮ್ಮೆ ಸಿಕ್ಕಿದವನು ಹೆಸರು ಬದಲಾಯಿಸಿಕೊಂಡು ಮತ್ತೆ ಬಂದರೆ ಗುರುತಿಸಬೇಕೆಂಬುದು ಅವನ ಉದ್ದೇಶ. ಚಿತ್ರ ನೋಡಬೇಕಾದವನು ಪೋಲೀಸಿನವನು ಮಾತ್ರ, ಊರಿನವನಲ್ಲ. ಈಗ ಅನೇಕ ಕೌಂಟಿಗಳಲ್ಲಿ ಆ ಚಿತ್ರ, ಆ ದಾಖಲೆಯೊಡನೆ, ಕೆಲವೇ ಗಂಟೆಗಳಲ್ಲಿ ಷೆರೀಫನ ಅಂತರ್ಜಾಲ ಪುಟದಲ್ಲಿ ಬಂದು ಕೂರುತ್ತದೆ. ಫ್ಲಾರಿಡದಂಥ ರಾಜ್ಯಗಳಲ್ಲಿ ಸಾರ್ವಜನಿಕ ದಾಖಲೆಗಳ ಕಾನೂನು ಬಲು ಉದಾರವಾದದ್ದು, ಕೇಳಿದವರಿಗೆಲ್ಲ ಕೊಡಬೇಕು. ಹಿಡಿದವನು ಇನ್ನೂ ನ್ಯಾಯಾಧೀಶರ ಮುಖ ನೋಡಿರುವುದಿಲ್ಲ. ಅವನ ಮುಖವನ್ನು ಜಗತ್ತು ನೋಡಿ ಆಗಿರುತ್ತದೆ.

ಇದು ಎಷ್ಟು ಜನರ ಮಾತು? 2021ರ ಜುಲೈಯಿಂದ ಒಂದು ವರ್ಷದಲ್ಲಿ ಆ ದೇಶದ ಸ್ಥಳೀಯ ಸೆರೆಮನೆಗಳು ಸುಮಾರು 73 ಲಕ್ಷ ಸಲ ಬಾಗಿಲು ತೆರೆದು ಮುಚ್ಚಿದವು. ಆ ಸೆರೆಮನೆಗಳಲ್ಲಿ ಯಾವುದೇ ದಿನ ಇರುವವರಲ್ಲಿ ಮೂರರಲ್ಲಿ ಎರಡು ಪಾಲು ಜನಕ್ಕೆ ಇನ್ನೂ ಶಿಕ್ಷೆಯಾಗಿರುವುದಿಲ್ಲ. ಎಷ್ಟೋ ಮೊಕದ್ದಮೆಗಳು ಹೂಡುವ ಮೊದಲೇ ಬಿದ್ದುಹೋಗುತ್ತವೆ. ಅಂಥವರ ಚಿತ್ರವನ್ನು ಹುಡುಕುವುದಕ್ಕೆ ವಿಶೇಷ ವಿದ್ಯೆಯೇನೂ ಬೇಕಾಗಿಲ್ಲ: ಕೌಂಟಿಯ ಹೆಸರು, ಮನುಷ್ಯನ ಹೆಸರು, ಅಷ್ಟೆ.

ಸಮುದ್ರದಾಚೆಯ ಈ ವಿಷಯ ನಮಗೇಕೆ ಎನ್ನುವವರಿಗೆ ಒಂದು ಪ್ರಸಂಗ ಹೇಳುತ್ತೇನೆ. ನಮ್ಮ ಬಡಾವಣೆಯ ನಿವೃತ್ತ ಇಂಜಿನಿಯರೊಬ್ಬರು ಮೊಮ್ಮಗಳಿಗೆ ಟೆಕ್ಸಾಸಿನಲ್ಲಿರುವ ವರನನ್ನು ನೋಡಿದ್ದರು. ಬೆಳಗಿನ ವಾಕಿಂಗಿನಲ್ಲಿ ಸಿಕ್ಕಿದವರು, “ಮೇಷ್ಟ್ರೇ, ಜಾತಕಕ್ಕಿಂತ ವಾಸಿಯಾದ ಉಪಾಯ ಕಂಡುಹಿಡಿದಿದ್ದೇನೆ. ಆ ಊರಿನ ಜೈಲಿನ ಪುಟದಲ್ಲಿ ಹುಡುಗನ ಹೆಸರು ಹಾಕಿ ನೋಡಿಬಿಟ್ಟೆ” ಎಂದರು. ಸಿಕ್ಕಿದನೇ ಎಂದು ಕೇಳಿದೆ. “ಸಿಕ್ಕಿದ, ಆದರೆ ಅವನಲ್ಲ, ಅದೇ ಹೆಸರಿನ ಬೇರೊಬ್ಬ. ಮುಖ ಬೇರೆ, ವಯಸ್ಸು ಬೇರೆ.” ಹಾಗಾದರೆ ಸಂತೋಷವಾಯಿತಲ್ಲ ಎಂದೆ. ಸ್ವಲ್ಪ ದೂರ ನಡೆದು ಹೇಳಿದರು: “ಸಂತೋಷವೇ. ಆದರೆ ಆ ಪಟ ನೋಡಿದ ಮೇಲೆ ನಮ್ಮ ಮನೆಯಲ್ಲಿ ಏಕೋ ಮನಸ್ಸು ಹಿಂಜರಿದಿದೆ.” ಸಂಬಂಧ ಮುಂದುವರಿಯಲಿಲ್ಲ. ಆ ಹುಡುಗನಿಗೆ ತನ್ನನ್ನು ಯಾರ ಮುಖ ಸೋಲಿಸಿತೆಂಬುದು ಎಂದಿಗೂ ತಿಳಿಯಲಾರದು. ಮತ್ತೊಬ್ಬನ ಚಿತ್ರವೇ ಇಷ್ಟು ಮಾಡಬಲ್ಲದಾದರೆ, ನಿರ್ದೋಷಿಯಾದವನ ಸ್ವಂತ ಚಿತ್ರ ಅವನಿಗೆ ಕೆಲಸ ಕೊಡುವವನ ಮೇಜಿನ ಮೇಲೆ, ಬಾಡಿಗೆಗೆ ಮನೆ ಕೊಡುವವನ ಮುಂದೆ ಏನು ಮಾಡೀತೆಂದು ಓದುಗರೇ ಊಹಿಸಿಕೊಳ್ಳಲಿ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ದಸ್ತಗಿರಿಯ ದಾಖಲೆಗಳನ್ನೆಲ್ಲ ಮುಚ್ಚಿಡಿರೆಂದು ಹೇಳುವವನಲ್ಲ ನಾನು. ಗುಟ್ಟಾಗಿ ಹಿಡಿಯುವ ಸರ್ಕಾರಕ್ಕಿಂತ ಭಯಂಕರವಾದದ್ದು ಬೇರೊಂದಿಲ್ಲ. 1976ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ಕೇರಳದ ಇಂಜಿನಿಯರಿಂಗ್ ವಿದ್ಯಾರ್ಥಿ ರಾಜನ್‌ನನ್ನು ಪೋಲೀಸರು ಹಿಡಿದೊಯ್ದರು. ಅವನ ತಂದೆ ಈಚರ ವಾರಿಯರ್ ಬಾಗಿಲಿಂದ ಬಾಗಿಲಿಗೆ ಅಲೆದರು. ನಾವು ಹಿಡಿದೇ ಇಲ್ಲವೆಂಬ ಉತ್ತರ ಬಂತು. ಮಗ ಮತ್ತೆ ಬರಲಿಲ್ಲ. ಹಿಡಿದ ಗಳಿಗೆಯಲ್ಲೇ ಒಂದು ಹೆಸರು ಒಂದು ಫಲಕದ ಮೇಲೆ ಏರಿದ್ದರೆ ಸರ್ಕಾರ ಹಾಗೆ ಸುಳ್ಳು ಹೇಳುವುದು ಸಾಧ್ಯವಿರಲಿಲ್ಲ. ನಮ್ಮ ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಡಿ. ಕೆ. ಬಸು ಮೊಕದ್ದಮೆಯಲ್ಲಿ, ಹಿಡಿದ ಕೂಡಲೇ ಸಾಕ್ಷಿಯ ರುಜುವಿನೊಡನೆ ಪತ್ರ ಬರೆಯಬೇಕು, ಬಂಧುವಿಗೆ ತಿಳಿಸಬೇಕು, ನಿಯಂತ್ರಣ ಕೊಠಡಿಯ ಫಲಕದಲ್ಲಿ ಪ್ರಕಟಿಸಬೇಕೆಂದು ವಿಧಿಸಿದ್ದು ಇದಕ್ಕಾಗಿಯೇ. ಅಮೆರಿಕದವರ ದಾಖಲೆಯ ಮೂಲದಲ್ಲಿಯೂ ಇಂಥದೇ ಭಾವನೆಯಿದೆ. ಮಗ ಯಾವ ಸೆರೆಮನೆಯಲ್ಲಿದ್ದಾನೆಂದು ತಾಯಿ ತಿಳಿಯಬಹುದು. ಹೊಡೆದ ಗಂಡ ಇನ್ನೂ ಒಳಗಿದ್ದಾನೋ ಹೊರಗೆ ಬಂದನೋ ಎಂದು ಹೆಂಡತಿ ತಿಳಿಯಬಹುದು.

ಹೀಗೆ ಆ ದಾಖಲೆ ಹುಟ್ಟಿದ್ದು ಸರ್ಕಾರದ ಮೇಲೆ ಪ್ರಜೆಯ ಕಣ್ಣಿರಲೆಂದು. ಅದು ತಿರುಗಿ ಪ್ರಜೆಯ ಮೇಲೆ ಊರಿನ ಕಣ್ಣಾಯಿತು. ನನ್ನ ಜಗಳ ಇರುವುದು ಇಲ್ಲಿ. ತಾಯಿಗೆ ಮಗನ ಹೆಸರು ಸಾಕು, ಸೆರೆಮನೆಯ ಹೆಸರು ಸಾಕು. ಅವನ ಕೆದರಿದ ತಲೆಯೂ ಅತ್ತ ಕಣ್ಣೂ ಬೇಕಿಲ್ಲ. ಚಿತ್ರದಿಂದ ಸರ್ಕಾರದ ಯಾವ ಅನ್ಯಾಯ ಬಯಲಾಗುತ್ತದೆ ಹೇಳಿ! ಪೋಲೀಸಿನವನ ಮುಖವೇನೂ ಅದರಲ್ಲಿರುವುದಿಲ್ಲವಲ್ಲ.

ಇಷ್ಟೊಂದು ಸರಕು ಬಿಟ್ಟಿ ಸಿಗುವಾಗ ವ್ಯಾಪಾರಿ ಸುಮ್ಮನಿರುವನೆ? ಷೆರೀಫರ ಪುಟಗಳಿಂದ ಚಿತ್ರಗಳನ್ನು ಯಂತ್ರಗಳ ಮೂಲಕ ಬಾಚಿ ತಮ್ಮ ಪುಟಗಳಲ್ಲಿ ಹಾಕಿಕೊಂಡು, ತೆಗೆಯಬೇಕಾದರೆ ದುಡ್ಡು ಕೊಡಿ ಎನ್ನುವ ಅಂಗಡಿಗಳು ಎದ್ದವು. ಮೂವತ್ತು ಡಾಲರಿನಿಂದ ನಾನೂರರವರೆಗೆ ದರ. ಒಂದು ಅಂಗಡಿಗೆ ಕೊಟ್ಟು ಅಳಿಸಿದರೆ ಇನ್ನೊಂದು ಅಂಗಡಿಯಲ್ಲಿ ಅದೇ ಮುಖ. 2018ರಲ್ಲಿ ಕ್ಯಾಲಿಫೋರ್ನಿಯ ಸರ್ಕಾರ ಇಂಥ ಒಂದು ಪುಟದ ಒಡೆಯರ ಮೇಲೆ ಸುಲಿಗೆಯ ಮೊಕದ್ದಮೆ ಹೂಡಿತು. 5,700ಕ್ಕೂ ಹೆಚ್ಚು ಜನರಿಂದ ಇಪ್ಪತ್ತು ಲಕ್ಷ ಡಾಲರಿಗೂ ಮಿಕ್ಕಿ ಕಿತ್ತರೆಂಬುದು ಆಪಾದನೆ. (ಈ ಒಡೆಯರನ್ನು ಹಿಡಿದಾಗ ಅವರ ಚಿತ್ರಗಳೂ ಪ್ರಕಟವಾದವು, ಅದನ್ನು ಕಂಡು ನಕ್ಕವರು ಬಹಳ. ನಾನು ಅವರೊಡನೆ ನಗಲಾರೆ, ನನ್ನ ವಾದ ಅವರಿಗೂ ಸಲ್ಲುತ್ತದೆ.) ಆ ಸುಲಿಗೆಯನ್ನು ದೂರುವುದು ಸುಲಭ. ಆದರೆ ಅಂಗಡಿಗೆ ಸರಕು ಒದಗಿಸಿದವರು ಯಾರು? ಸರ್ಕಾರ. ಗಿರಾಕಿಗಳು ಯಾರು? ಕಾಫಿ ಕುಡಿಯುತ್ತ ನೆರೆಯವನ ಹೆಸರು ಹಾಕಿ ನೋಡುವ ಗೌರವಸ್ಥರು.

ಪತ್ರಿಕೆಗಳೂ ಹಿಂದೆ ಬೀಳಲಿಲ್ಲ. ಫ್ಲಾರಿಡದ ಟ್ಯಾಂಪಾ ಬೇ ಟೈಮ್ಸ್, ಒಳ್ಳೆಯ ಹೆಸರುಳ್ಳ ಪತ್ರಿಕೆಯೇ, 2009ರಲ್ಲಿ ದಿನದಿನದ ದಸ್ತಗಿರಿಯ ಚಿತ್ರಶಾಲೆಯನ್ನು ತೆರೆಯಿತು, 2020ರಲ್ಲಿ ಮುಚ್ಚಿತು. ಹನ್ನೊಂದು ವರ್ಷ ಬೇಕಾಯಿತು. ಅರಿಜೋನಾದ ಮಾರಿಕೋಪ ಕೌಂಟಿಯ ಷೆರೀಫ್ ಜೋ ಅರ್ಪಾಯೊ ಇನ್ನೂ ಒಂದು ಹೆಜ್ಜೆ ಮುಂದೆ ಹೋದ: ಇಂದಿನ ಸೊಗಸಾದ ಚಿತ್ರ ಯಾವುದೆಂದು ಜನ ಮತ ಹಾಕಬಹುದೆಂದ. ಚುನಾಯಿತ ಅಧಿಕಾರಿಯಲ್ಲವೆ, ಮತದ ಬೆಲೆ ಗೊತ್ತಿತ್ತು!

ಆ ಕೌಂಟಿಯ ಮೇಲೆಯೇ 2024ರಲ್ಲಿ ಒಂದು ತೀರ್ಪು ಬಂತು. ಒಬ್ಬನನ್ನು ಹಿಡಿದು ಚಿತ್ರ ಹಾಕಿದ್ದರು. ಮೊಕದ್ದಮೆ ನಡೆಯಲಿಲ್ಲ, ಕೈಬಿಟ್ಟರು. ಷೆರೀಫನ ಪುಟದಲ್ಲಿ ಚಿತ್ರ ಇದ್ದದ್ದು ಸುಮಾರು ಮೂರು ದಿನ. ಅಷ್ಟರಲ್ಲಿ ಬೇರೆ ಪುಟಗಳಿಗೆ ಹರಡಿತ್ತು. ಪಾರದರ್ಶಕತೆಗಾಗಿ ಹಾಕಿದೆವೆಂದು ಕೌಂಟಿ ವಾದಿಸಿತು. ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ ಆ ಸಮಾಧಾನವನ್ನು ಒಪ್ಪದೆ, ವಿಚಾರಣೆಗೆ ಮೊದಲೇ ಶಿಕ್ಷೆ ಕೊಟ್ಟಂತಾಯಿತೆಂಬ ಅವನ ದಾವೆ ನಡೆಯಲಿ ಎಂದಿತು. ಪೆನ್ಸಿಲ್ವೇನಿಯದ ಬಕ್ಸ್ ಕೌಂಟಿಯಲ್ಲಿ 2019ರಲ್ಲಿ ಪಂಚರು, ಇಂಥ ಪುಟದಲ್ಲಿ ಸಿಕ್ಕಿಕೊಂಡ ಸುಮಾರು 67,000 ಜನರಿಗೆ ತಲಾ ಸಾವಿರ ಡಾಲರು ದಂಡ ಸಲ್ಲಬೇಕೆಂದು ಹೇಳಿದ್ದರು. ಡೆಟ್ರಾಯಿಟಿನ ಪತ್ರಿಕೆಯೊಂದರ ದಾವೆಯಲ್ಲಿ 1996ರಲ್ಲಿ ಕೇಂದ್ರ ಸರ್ಕಾರ ಇಂಥ ಚಿತ್ರಗಳನ್ನು ಕೊಡಲೇಬೇಕೆಂದಿದ್ದ ಆರನೆಯ ವಲಯದ ನ್ಯಾಯಾಲಯವೇ 2016ರಲ್ಲಿ ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು. ನಡುವೆ ಅಂತರ್ಜಾಲ ಬಂದಿತ್ತು, ಹಳೆಯ ಚಿತ್ರ ಹಳೆಯದಾಗುವುದನ್ನು ಮರೆತಿತ್ತು. 2019ರಲ್ಲಿ ನ್ಯೂಯಾರ್ಕ್, 2021ರಲ್ಲಿ ಆರೆಗಾನ್, 2022ರಲ್ಲಿ ಲೂಯಿಸಿಯಾನ ತಮ್ಮ ತಮ್ಮ ರೀತಿಯಲ್ಲಿ ಬಾಗಿಲು ಅರ್ಧ ಮುಚ್ಚಿವೆ. ಉಳಿದ ಕಡೆ ಬಹುಪಾಲು ತೆರೆದೇ ಇದೆ.

ಎದುರು ಪಕ್ಷದವರಲ್ಲಿ ಒಳ್ಳೆಯ ವಾದವೊಂದಿದೆ. ದಸ್ತಗಿರಿಯ ಚಿತ್ರ ಅವಮಾನವೇ ಆಗಬೇಕೆಂದೇನು, ರೋಸಾ ಪಾರ್ಕ್ಸ್ ನೋಡಿ, ಎನ್ನುತ್ತಾರೆ. ನಿಜ. ಮಾಂಟ್ಗಮರಿಯ ಬಸ್ಸುಗಳ ಬಹಿಷ್ಕಾರ ನಡೆದಾಗ, 1956ರ ಫೆಬ್ರವರಿಯಲ್ಲಿ, 7053 ಎಂಬ ಸಂಖ್ಯೆ ಹಿಡಿದು ಆಕೆ ನಿಂತ ಚಿತ್ರದ ಮುಂದೆ ಯಾರಾದರೂ ತಲೆ ಬಾಗಿಸಬೇಕು. ಆದರೆ ಆ ಚಿತ್ರವನ್ನು ಬೆಳಗಿಸಿದ್ದು ಆಕೆಯ ಹಿಂದೆ ನಿಂತ ಒಂದು ಚಳವಳಿ. 2023ರ ಆಗಸ್ಟ್ 24ರಂದು ಅಟ್ಲಾಂಟದ ಫುಲ್ಟನ್ ಕೌಂಟಿಯ ಸೆರೆಮನೆಯಲ್ಲಿ ಡೊನಾಲ್ಡ್ ಟ್ರಂಪರ ಚಿತ್ರ ಹಿಡಿದರು. ಅದು ಅಂಗಿಗಳ ಮೇಲೆ, ಕಾಫಿ ಬಟ್ಟಲುಗಳ ಮೇಲೆ ಅಚ್ಚಾಗಿ ಮಾರಾಟವಾಯಿತು. ಕೆಲವೇ ದಿನಗಳಲ್ಲಿ ಎಪ್ಪತ್ತು ಲಕ್ಷ ಡಾಲರಿಗೂ ಹೆಚ್ಚು ಕೂಡಿತೆಂದು ಅವರ ಕಡೆಯವರೇ ಹೇಳಿಕೊಂಡರು. ಮೊಕದ್ದಮೆ 2025ರಲ್ಲಿ ವಜಾ ಆಯಿತು. ಚಳವಳಿಯುಳ್ಳವರಿಗೆ ಆ ಚಿತ್ರ ಕೀರ್ತಿ, ಹಣವುಳ್ಳವರಿಗೆ ಬಂಡವಾಳ. ಎರಡೂ ಇಲ್ಲದ ಹೋಟೆಲಿನ ಮಾಣಿಗೆ, ಲಾರಿಯ ಚಾಲಕನಿಗೆ ಅದು ಏನು? ಅವನ ಅಂಗಿಯನ್ನು ಯಾರೂ ಕೊಳ್ಳುವುದಿಲ್ಲ.

ಈಗ ಮನೆಗೆ ಬರೋಣ. ನಮ್ಮಲ್ಲಿ ಪೋಲೀಸು ಪತ್ರಿಕಾಗೋಷ್ಠಿಯೆಂದರೆ ಮೇಜಿನ ಮೇಲೆ ಒಡವೆ, ಹಿಂದೆ ಸಾಲಾಗಿ ನಿಂತ ಬಡವರು, ಮುಂದೆ ಕ್ಯಾಮೆರಾ. ರೌಡಿಗಳ ಪೆರೇಡೆಂದರೆ ದೂರದರ್ಶನ ವಾಹಿನಿಗಳಿಗೆ ಹಬ್ಬ. ಪೋಲೀಸರು ಪತ್ರಿಕೆಯವರಿಗೆ ಏನು ಹೇಳಬೇಕು, ಏನು ಹೇಳಬಾರದೆಂಬುದಕ್ಕೆ ನಿಯಮ ಮಾಡಿರೆಂದು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಕೇಂದ್ರಕ್ಕೆ ಹೇಳಬೇಕಾಗಿ ಬಂತು. ಕನ್ನಡ ಪಾಠ ಹೇಳುವವನಾದ್ದರಿಂದ ಒಂದು ಮಾತು ಸೇರಿಸುತ್ತೇನೆ. ಆಪಾದನೆಗೆ ಗುರಿಯಾದವನು ಆಪಾದಿತ. ನಮ್ಮ ಪತ್ರಿಕೆಗಳು ಅವನನ್ನು ‘ಆರೋಪಿ’ ಎನ್ನುತ್ತವೆ. ಪಾಪಿ, ದ್ರೋಹಿ, ಅಪರಾಧಿ ಇವರ ಪಂಕ್ತಿಯಲ್ಲಿ ಅವನಿಗೆ ಎಲೆ ಹಾಕಿದ ಮೇಲೆ, ಓದುವವನು ಊಟಕ್ಕೆ ಕುಳಿತವನ ಕುಲ ವಿಚಾರಿಸುತ್ತಾನೆಯೆ?

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೆಯ ಪ್ರಕರಣ, ಹಿಡಿದವರ ಹೆಸರು, ವಿಳಾಸ, ಆಪಾದನೆಯ ಸ್ವರೂಪ ಇವನ್ನು ಪ್ರತಿಯೊಂದು ಠಾಣೆಯಲ್ಲಿಯೂ ಜಿಲ್ಲಾ ಕೇಂದ್ರದಲ್ಲಿಯೂ ಎದ್ದುಕಾಣುವಂತೆ ತೋರಿಸಬೇಕು, ಡಿಜಿಟಲ್ ರೂಪದಲ್ಲಿಯೂ ತೋರಿಸಬಹುದು ಎನ್ನುತ್ತದೆ. ಬಸು ಮೊಕದ್ದಮೆಯ ಫಲಕದ ವಂಶವೇ ಇದು, ಉದ್ದೇಶ ಒಳ್ಳೆಯದು. ಆದರೆ ಠಾಣೆಯ ಗೋಡೆಯ ಮೇಲಿನ ಕರಿಹಲಗೆ ಬೇರೆ, ಬೆಂಗಳೂರಿನಲ್ಲಿ ಬರೆದದ್ದನ್ನು ಬಾಸ್ಟನ್ನಿನಲ್ಲಿ ಓದಬಹುದಾದ ಪುಟ ಬೇರೆ. ಹಲಗೆಯನ್ನು ಮರುದಿನ ಒರೆಸುತ್ತಾರೆ. ಪುಟವನ್ನು ಒರೆಸುವವರಾರು, ಯಾವಾಗ ಎಂಬುದಕ್ಕೆ ಆ ಪ್ರಕರಣದಲ್ಲಿ ಒಂದು ಅಕ್ಷರವೂ ಇಲ್ಲ.

ಬ್ರಿಟಿಷರ ಕಾಲದಲ್ಲಿ, 1920ರಲ್ಲಿ, ಕೈದಿಗಳನ್ನು ಗುರುತಿಸುವ ಕಾನೂನೊಂದನ್ನು ಮಾಡಿದ್ದರು. ಹಿಂದೆ ಶಿಕ್ಷೆಯಾಗದವನು ವಿಚಾರಣೆಯಿಲ್ಲದೆ ಬಿಡುಗಡೆಯಾದರೆ ಅಥವಾ ನಿರ್ದೋಷಿಯೆಂದಾದರೆ, ಅವನ ಭಾವಚಿತ್ರವನ್ನು, ನೆಗೆಟಿವ್ ಸಹಿತ, ನಾಶಮಾಡಬೇಕು ಅಥವಾ ಅವನ ಕೈಗೇ ಕೊಡಬೇಕೆಂದು ಅದರ ಏಳನೆಯ ಪ್ರಕರಣದಲ್ಲಿತ್ತು. ನ್ಯಾಯಾಲಯವೋ ಜಿಲ್ಲಾ ಮ್ಯಾಜಿಸ್ಟ್ರೇಟರಂಥ ಅಧಿಕಾರಿಯೋ ಬೇಡವೆಂದರೆ ಮಾತ್ರ ಇಟ್ಟುಕೊಳ್ಳಬಹುದಿತ್ತು. ನಮ್ಮನ್ನು ಆಳಲು ಬಂದವರಿಗೂ ಅಷ್ಟು ಸಂಕೋಚವಿತ್ತು. 2022ರಲ್ಲಿ ಅದರ ಸ್ಥಾನಕ್ಕೆ ಬಂದ ಕಾನೂನು ದಾಖಲೆಗಳನ್ನು 75 ವರ್ಷ ಇಡಬಹುದೆಂದು ಹೇಳಿ, ನಿರ್ದೋಷಿಯಾದವನದನ್ನು ಎಲ್ಲ ಮೇಲ್ಮನವಿಗಳೂ ಮುಗಿದ ಮೇಲೆ ನಾಶಮಾಡುವ ಮಾತನ್ನು ಉಳಿಸಿಕೊಂಡಿದೆ. ಅದು ಪೋಲೀಸಿನವರ ಬೀರುವಿನೊಳಗಿನ ದಾಖಲೆಯ ಮಾತು. ಠಾಣೆಯ ಪುಟಕ್ಕೂ ಇಂಥದೊಂದು ನಿಯಮವನ್ನು ನಮ್ಮ ರಾಜ್ಯ ಸರ್ಕಾರ ಈಗಲೇ ಮಾಡಬೇಕು: ಹೆಸರು ಇರಲಿ, ಚಿತ್ರ ಬೇಡ, ಜಾಮೀನಾದರೆ, ಬಿಡುಗಡೆಯಾದರೆ ಅದನ್ನೂ ಅದೇ ಸಾಲಿನಲ್ಲಿ ಅಷ್ಟೇ ದಪ್ಪಕ್ಷರದಲ್ಲಿ ಬರೆಯಲಿ, ಯಂತ್ರಗಳು ಬಾಚಿಕೊಂಡು ಹೋಗದಂತೆ ಪುಟವನ್ನು ಕಟ್ಟಲಿ, ಅಳಿಸುವ ದಿನವನ್ನೂ, ಅಳಿಸಬೇಕಾದ ಅಧಿಕಾರಿಯನ್ನೂ ಹೆಸರಿಸಲಿ. ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆಯನ್ನು ಕೇಳುವ ಶಾಸಕರೊಬ್ಬರು ಸಿಕ್ಕಾರೆಯೆ?