ಕಡಲಿಗಿಳಿಯುವ ಮುನ್ನ ಕೊಳ್ಳಬೇಕಾದುದೇನು?

12ನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದ ನಾಡಿದು. ಮಳೆ ಕಡಿಮೆ, ಆದುದರಿಂದ ನೀರಿಗೆ ಗೌರವ ಹೆಚ್ಚು. ಸೊಲ್ಲಾಪುರ, ಅಕ್ಕಲಕೋಟೆಗಳ ಮಕ್ಕಳಿಗೆ ನೀರೆಂದರೆ ಹೊಲದ ಬಾವಿ, ಬೋರಿ ನದಿಯ ಕುರನೂರು ಜಲಾಶಯ, ಭೀಮೆಯ ಉಜನಿ ಹಿನ್ನೀರು. ಕಡಲು ಘಟ್ಟದಾಚೆಯ ಮಾತು. ಆದರೂ ಕೊಲ್ಲಾಪುರದ ಮೇಲಿಂದ ಘಟ್ಟವಿಳಿದು ಮಾಲವಣ, ತಾರ್ಕರ್ಲಿಗಳಿಗೆ ಪ್ರವಾಸ ಹೋಗುವ ಕುಟುಂಬಗಳು ಈಗ ವಿರಳವಲ್ಲ. ಅಲ್ಲಿ ಒಮ್ಮೆ ನೀರೊಳಗಿಳಿದು ಹವಳವನ್ನೂ ಬಣ್ಣದ ಮೀನುಗಳನ್ನೂ ಕಂಡ ಮಗು ಮನೆಗೆ ಮರಳಿದ ಮೇಲೆ ಕೇಳುವುದು ಒಂದೇ: ಆ ಸಾಮಾನುಗಳನ್ನು ನಮಗೂ ಕೊಂಡು ತರಲಾದೀತೆ?

ಸಂಬಳದ ಲೆಕ್ಕದಲ್ಲಿ ಸಂಸಾರ ನಡೆಸುವ ಪಾಲಕರು ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕಬೇಕಾಗಿಲ್ಲ. ಅವಸರದಿಂದ ಹಣ ಸುರಿಯಬೇಕಾಗಿಯೂ ಇಲ್ಲ. ಇದಕ್ಕೊಂದು ಸರಳ ಕ್ರಮವಿದೆ. ಮೈಯ ಅಳತೆಗೆ ಸರಿಹೊಂದಲೇಬೇಕಾದ, ಬೆಲೆಯಲ್ಲಿ ಸಣ್ಣದಾದ ವಸ್ತುಗಳನ್ನು ಮೊದಲು ಕೊಳ್ಳಬೇಕು. ಉಸಿರನ್ನೇ ನಂಬಿ ಒಪ್ಪಿಸಬೇಕಾದ ದುಬಾರಿ ವಸ್ತುಗಳನ್ನು ಬಹುಕಾಲ ಬಾಡಿಗೆಗೆ ಪಡೆಯಬೇಕು. ಇವೆರಡಕ್ಕೂ ಮುಂಚೆ ಕಲಿಕೆಗೆ ಹಣ ತೆಗೆದಿಡಬೇಕು.

ಸ್ಕೂಬಾ ಎಂದರೆ ಉಸಿರಾಟದ ಗಾಳಿಯನ್ನು ತಾನೇ ಹೊತ್ತುಕೊಂಡು ನೀರೊಳಗೆ ಸಂಚರಿಸುವ ಸಾಧನ. ಇದರ ಇಂದಿನ ರೂಪಕ್ಕೆ ಅಡಿಪಾಯ ಹಾಕಿದವರು ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕೂಸ್ತೋ ಹಾಗೂ ಎಂಜಿನಿಯರ್ ಎಮಿಲ್ ಗಾನ್ಯಾನ್, ವರ್ಷ 1943. ಮುಳುಗುವವನು ಉಸಿರೆಳೆದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿ ಗಾಳಿ ಒದಗಿಸುವುದು ಅವರ ಉಪಕರಣದ ವಿಶೇಷ. ಬೆನ್ನಿನ ಸಿಲಿಂಡರಿನಲ್ಲಿ ಆಮ್ಲಜನಕವಿರುತ್ತದೆಂಬುದು ಅನೇಕರ ತಪ್ಪು ತಿಳಿವಳಿಕೆ. ಸಾಮಾನ್ಯ ಮುಳುಗಿನಲ್ಲಿ ಅದರೊಳಗಿರುವುದು ನಾವೆಲ್ಲ ಉಸಿರಾಡುವ ಗಾಳಿಯೇ. ಆದರೆ ಶೋಧಿಸಿ, ತೇವ ತೆಗೆದು, ಒತ್ತಿ ತುಂಬಿದ್ದು. ಪ್ರತಿ 10 ಮೀಟರ್ ಆಳಕ್ಕೆ ನೀರಿನ ಒತ್ತಡ ವಾಯುಮಂಡಲದ ಒಂದು ಪಟ್ಟು ಏರುತ್ತದೆ. ಮೇಲಿನಿಂದ ಬಾಯಿ ಕಟ್ಟಿ ಒಯ್ದ ಗಾಳಿ 10 ಮೀಟರಿನಲ್ಲಿ ಅರ್ಧ ಗಾತ್ರಕ್ಕೆ ಕುಗ್ಗುತ್ತದೆ. ಅಲ್ಲಿ ಎಳೆದುಕೊಂಡ ಉಸಿರನ್ನು ಬಿಗಿಹಿಡಿದು ಮೇಲೇರಿದರೆ ಅದು ಎರಡು ಪಟ್ಟು ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಲ್ಲದು. ಸ್ಕೂಬಾದ ಮೊದಲ ಪಾಠವೇ ಉಸಿರನ್ನು ಎಂದೂ ಹಿಡಿಯಬಾರದೆಂಬುದು. ಈ ವಿಜ್ಞಾನವನ್ನರಿಯದೆ ಕೊಂಡ ಸಾಮಾನು ಎಷ್ಟೇ ಬೆಲೆಯದಾದರೂ ಅಪಾಯಕಾರಿಯೇ.

ಆದುದರಿಂದ ಮೊದಲ ಖರ್ಚು ಈಜಿನ ಮೇಲೆ. ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತ ಮಕ್ಕಳಿಗೆ ನೀರಿನ ಭಯವಿರುವುದಿಲ್ಲ. ಅದು ಒಳ್ಳೆಯ ಬುನಾದಿ. ಆದರೆ ನಿಧಾನವಾಗಿ ಬಹುದೂರ ಈಜುವ ಹಾಗೂ ಕೈಕಾಲು ಬಡಿಯದೆ ತೇಲಿ ನಿಲ್ಲುವ ಅಭ್ಯಾಸವನ್ನು ಈಜುಕೊಳದ ಶಿಕ್ಷಕರಿಂದಲೇ ಪಡೆಯುವುದು ಲೇಸು. ಜಗತ್ತಿನಾದ್ಯಂತ ಹರಡಿರುವ ಪಾಡಿ ಎಂಬ ತರಬೇತಿ ಸಂಸ್ಥೆಯ ಆರಂಭದ ಶಿಕ್ಷಣಕ್ಕೆ ಕನಿಷ್ಠ ವಯಸ್ಸು 10. ಅದಕ್ಕೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ತೇರ್ಗಡೆಯಾದ ವಯಸ್ಕರಿಗೆ 18 ಮೀಟರ್ ಆಳದ ಮಿತಿ. 10-11ರ ಮಕ್ಕಳಿಗೆ 12 ಮೀಟರ್. ಉಬ್ಬಸ, ಕಿವಿ ಸೋರುವಿಕೆ, ಹೃದಯದ ತೊಂದರೆ ಇವುಗಳಲ್ಲಿ ಯಾವುದಿದ್ದರೂ ವೈದ್ಯರ ಒಪ್ಪಿಗೆ ಬೇಕು. ಒಂದು ಪೈಸೆ ಖರ್ಚು ಮಾಡುವ ಮೊದಲೇ ಈ ತಪಾಸಣೆ ಮುಗಿದರೆ ಹಣವೂ ಉಳಿಯುತ್ತದೆ, ಮಗುವಿಗೆ ನಿರಾಶೆಯೂ ತಪ್ಪುತ್ತದೆ.

ಇನ್ನು ಸಾಮಾನು. ಮೊದಲನೆಯದು ಮಾಸ್ಕ್. ಮನುಷ್ಯನ ಕಣ್ಣು ಗಾಳಿಯಲ್ಲಿ ನೋಡಲು ರೂಪುಗೊಂಡುದು; ನೀರು ನೇರವಾಗಿ ತಗುಲಿದರೆ ದೃಶ್ಯವೆಲ್ಲ ಮಸುಕು. ಕಣ್ಣಿನ ಮುಂದೆ ಗಾಳಿಯ ಪದರವೊಂದನ್ನು ಇರಿಸುವುದೇ ಮಾಸ್ಕಿನ ಕೆಲಸ. ನಮ್ಮೂರ ಕ್ರೀಡಾ ಸಾಮಗ್ರಿಯ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವ ಈಜುಗನ್ನಡಕ ಈ ಕೆಲಸಕ್ಕೆ ಸಲ್ಲದು. ಅದರಲ್ಲಿ ಮೂಗು ಹೊರಗುಳಿಯುತ್ತದೆ. ಆಳಕ್ಕಿಳಿದಂತೆ ಕನ್ನಡಕದೊಳಗಿನ ಗಾಳಿ ಕುಗ್ಗಿ ಕಣ್ಣನ್ನು ಹೀರತೊಡಗುತ್ತದೆ. ಕಣ್ಣಿನ ಸೂಕ್ಷ್ಮ ರಕ್ತನಾಳಗಳು ಒಡೆಯಬಹುದು. ಮೂಗನ್ನೂ ಒಳಗೊಂಡ ಮಾಸ್ಕಿನಲ್ಲಿ ಮೂಗಿನಿಂದ ತುಸು ಗಾಳಿ ಬಿಟ್ಟು ಆ ಒತ್ತಡವನ್ನು ಸರಿದೂಗಿಸಬಹುದು. ಮುಖವನ್ನಿಡೀ ಮುಚ್ಚಿ ಮೇಲೆ ಕೊಳವೆಯುಳ್ಳ ಅಗ್ಗದ ಮಾಸ್ಕುಗಳು ಮಾರಾಟಕ್ಕಿವೆ. ಅವು ನೀರಿನ ಮೇಲ್ಮೈಯಲ್ಲಿ ತೇಲುವವರಿಗಾಗಿ ಮಾಡಿದವು, ಮುಳುಗುವವರಿಗಲ್ಲ.

ಮಾಸ್ಕಿನ ಬೆಲೆಗಿಂತ ಅದರ ಹೊಂದಿಕೆ ಮುಖ್ಯ. ಪಟ್ಟಿಯನ್ನು ತಲೆಗೆ ಹಾಕದೆ ಮಾಸ್ಕನ್ನು ಮುಖಕ್ಕೆ ಮೆಲ್ಲನೆ ಒತ್ತಿ, ಮೂಗಿನಿಂದ ಉಸಿರೆಳೆದು, ಕೈ ಬಿಡಬೇಕು. ಉಸಿರು ಹಿಡಿದಿರುವಷ್ಟು ಹೊತ್ತು ಅದು ಮುಖಕ್ಕೆ ಅಂಟಿಯೇ ಇದ್ದರೆ ಹೊಂದಿತೆಂದರ್ಥ. ಜಾರಿದರೆ, ಎಷ್ಟೇ ಹೆಸರಾಂತ ಕಂಪನಿಯದಾದರೂ ಬೇಡ. ಅಂಚು ಮೆದು ಸಿಲಿಕೋನಿನದಾಗಿರಬೇಕು, ಗಾಜು ಹದಗೊಳಿಸಿದ್ದಾಗಿರಬೇಕು. ಪ್ಲಾಸ್ಟಿಕ್ಕಿನ ಆಟಿಕೆ ನಿರುಪಯೋಗಿ. ತಂದೆಯ ದಪ್ಪ ಮೀಸೆಯ ಸಂದಿನಿಂದ ನೀರು ನುಸುಳುವುದೂ ಉಂಟು. ಕನ್ನಡಕ ಧರಿಸುವ ಮಕ್ಕಳಿಗೆ ಅವರ ನಂಬರಿನ ಗಾಜು ಕೂರಿಸಬಹುದಾದ ಮಾಸ್ಕುಗಳು ದೊರೆಯುತ್ತವೆ. ಹೊಸ ಗಾಜಿನ ಒಳಮೈಗೆ ತೆಳುಪೊರೆಯೊಂದು ಇರುತ್ತದೆ. ಬಿಳಿಯ ಹಲ್ಲುಪೇಸ್ಟಿನಿಂದ ಎರಡು ಮೂರು ಸಲ ತಿಕ್ಕಿ ತೊಳೆದರೆ ಮಂಜು ಕವಿಯುವುದು ಕಡಿಮೆಯಾಗುತ್ತದೆ.

ಎರಡನೆಯದು ಸ್ನಾರ್ಕೆಲ್, ಅಂದರೆ ಮುಖವನ್ನು ನೀರಿನಲ್ಲಿಟ್ಟು ತೇಲುತ್ತಲೇ ಉಸಿರಾಡುವ ಬಾಗಿದ ಕೊಳವೆ. ಸರಳವಾದುದೇ ಸಾಕು. ಕೊಳವೆ ಉದ್ದವಾದಷ್ಟೂ ಆಳಕ್ಕೆ ಹೋಗಬಹುದೆಂಬ ಭ್ರಮೆ ಮಾತ್ರ ಬೇಡ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ವೈಶಂಪಾಯನ ಸರೋವರದೊಳಗೆ ಅಡಗಲು ಜಲಸ್ತಂಭ ವಿದ್ಯೆ ನೆರವಾಯಿತು. ಆ ವಿದ್ಯೆಯಿಲ್ಲದ ನಮ್ಮ ಎದೆಗೂಡು ಅರ್ಧ ಮೀಟರಿಗಿಂತ ಕೆಳಗೆ ನೀರಿನ ಒತ್ತಡವನ್ನು ಮೀರಿ ಮೇಲಿನ ಗಾಳಿಯನ್ನು ಎಳೆದುಕೊಳ್ಳಲಾರದು. ಮೇಲಾಗಿ ಉದ್ದನೆಯ ಕೊಳವೆಯಲ್ಲಿ ಬಿಟ್ಟ ಉಸಿರೇ ತಂಗಿ ಮತ್ತೆ ಒಳಸೇರುತ್ತದೆ.

ಮೂರನೆಯದು ಫಿನ್, ಬಾತುಕೋಳಿಯ ಪಾದದಂತಹ ಕಾಲುಹಲಗೆ. ಇದರಲ್ಲಿ ಎರಡು ಬಗೆ. ಬೂಟಿನಂತೆ ಪಾದವನ್ನಿಡೀ ಮುಚ್ಚುವಂಥದು ಅಗ್ಗ, ಹಗುರ. ಆದರೆ ಬೆಳೆಯುವ ಮಗುವಿನ ಕಾಲಿಗೆ ಬೇಗನೆ ಚಿಕ್ಕದಾಗುತ್ತದೆ. ಹಿಮ್ಮಡಿಯ ಕಡೆ ತೆರೆದು ಪಟ್ಟಿಯಿಂದ ಬಿಗಿಯುವಂಥದಕ್ಕೆ ಬೇರೆ ಬೂಟು ಬೇಕು. ಆದರೂ ಅಳತೆ ಹೊಂದಿಸಿಕೊಂಡು ಕೆಲವು ವರ್ಷ ಬಳಸಬಹುದು. ಬೆರಳು ಅದುಮಿದರೆ ಕಾಲು ಹಿಡಿದುಕೊಳ್ಳುತ್ತದೆ, ಸಡಿಲಾದರೆ ನೀರಿನಲ್ಲಿ ಕಳಚಿಹೋಗುತ್ತದೆ. ಗಡುಸಾದ ಉದ್ದ ಹಲಗೆ ಹೊಸಬರಿಗೆ ಬೇಡ. ಈ ಮೂರೂ ವಸ್ತುಗಳನ್ನು ಬಳಸಿದ ಬಳಿಕ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಸೊಲ್ಲಾಪುರದ ಬೇಸಿಗೆಯ ಬಿಸಿಲಿಗೆ ಮಾಳಿಗೆಯ ಮೇಲೆ ಹರವಿಟ್ಟರೆ ರಬ್ಬರು ಬಿರಿಯುವುದಕ್ಕೆ ಬಹಳ ಕಾಲ ಬೇಡ.

ಮೊದಲ ಸಾಮಾನಿನ ಪಟ್ಟಿ ಇಲ್ಲಿಗೇ ಮುಗಿಯಿತು. ಈ ಮೂರೂ ಸೇರಿದರೂ ಒಂದು ಒಳ್ಳೆಯ ರೆಗ್ಯುಲೇಟರಿನ ಬೆಲೆಯ ಸಣ್ಣ ಪಾಲಾದೀತಷ್ಟೆ. ಸಿಲಿಂಡರಿನ ಗಾಳಿಯನ್ನು ಉಸಿರಿಗೆ ತಕ್ಕ ಒತ್ತಡಕ್ಕಿಳಿಸಿ ಬಾಯಿಗೆ ಕೊಡುವ ಈ ರೆಗ್ಯುಲೇಟರ್, ನೀರಿನಲ್ಲಿ ಏರಿಳಿತವನ್ನು ನಿಯಂತ್ರಿಸುವ ಗಾಳಿಯ ಜಾಕೀಟು, ಸೀಸದ ತೂಕ, ಸಿಲಿಂಡರ್ ಇವೆಲ್ಲವನ್ನೂ ತರಬೇತಿ ಕೇಂದ್ರಗಳೇ ಒದಗಿಸುತ್ತವೆ. ಅರಬ್ಬೀ ಸಮುದ್ರದ ನೀರು ಬೆಚ್ಚಗಿರುವುದರಿಂದ ಮೈಗೆ 3 ಮಿ.ಮೀ. ದಪ್ಪದ ಉಡುಪು ಸಾಕು. ಅದೂ ಬಾಡಿಗೆಗೆ ದೊರೆಯುತ್ತದೆ. ರೆಗ್ಯುಲೇಟರಿಗೆ ಕಾಲಕಾಲಕ್ಕೆ ತರಬೇತಾದವರಿಂದ ದುರಸ್ತಿ, ಸಿಲಿಂಡರಿಗೆ ನಿಗದಿತ ಅವಧಿಗೆ ಒತ್ತಡದ ಪರೀಕ್ಷೆ ಅಗತ್ಯ. 11 ಲೀಟರ್ ಒಳಗಾತ್ರದ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ಸುಮಾರು 2,200 ಲೀಟರ್ ಗಾಳಿ ಅಡಗಿರುತ್ತದೆ. ಅದನ್ನು ತುಂಬಲು ಪಂಕ್ಚರ್ ಅಂಗಡಿಯ ಕಂಪ್ರೆಸರ್ ನಡೆಯದು. ಎಣ್ಣೆಯ ಆವಿ ಬೆರೆತ ಆ ಗಾಳಿ ಟೈರಿಗಲ್ಲದೆ ಎದೆಗಲ್ಲ. ವರ್ಷಕ್ಕೊಮ್ಮೆ ಕಡಲಿಗೆ ಹೋಗುವ ಕುಟುಂಬಕ್ಕೆ ಈ ವಸ್ತುಗಳ ಒಡೆತನ ಹೊರೆಯಲ್ಲದೆ ಮತ್ತೇನೂ ಅಲ್ಲ.

ಬಳಸಿದ ಸಾಮಾನು ಕಡಿಮೆ ಬೆಲೆಗೆ ದೊರೆತರೆ? ಸಿದ್ಧೇಶ್ವರನ ಗಡ್ಡಾ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ನೋಡಿ, ನಡೆಸಿ ನೋಡಿ, ಆಮೇಲೆ ಮಾತಿಗಿಳಿಯುತ್ತಾನೆ. ಅದೇ ವಿವೇಕ ಇಲ್ಲಿಯೂ ಬೇಕು. ಫಿನ್, ಬೂಟುಗಳನ್ನು ಬಗ್ಗಿಸಿ, ಬಿರುಕಿಲ್ಲವೆಂದು ಕಂಡುಕೊಂಡು ತೆಗೆದುಕೊಳ್ಳಬಹುದು. ಮಾಸ್ಕನ್ನು ಮುಖಕ್ಕಿಟ್ಟು ನೋಡಿ ಕೊಳ್ಳಬಹುದು. ದುರಸ್ತಿಯ ದಾಖಲೆಯಿಲ್ಲದ ರೆಗ್ಯುಲೇಟರನ್ನು ಮಾತ್ರ ಪುಕ್ಕಟೆ ಕೊಟ್ಟರೂ ಮುಟ್ಟಬಾರದು.

ಹೊಸ ಮಾಸ್ಕ್ ಮನೆಗೆ ಬಂದ ದಿನವೇ ಪಾಲಕರ ನಿಜವಾದ ಹೊಣೆ ಆರಂಭವಾಗುತ್ತದೆ. ಅದನ್ನು ಧರಿಸಿದ ಮಗುವಿಗೆ ಬಾವಿಯ ತಳ ಮುಟ್ಟಿ ಬರುವ ಆಸೆ ಹುಟ್ಟುವುದು ಸಹಜ. ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆಂಬ ಪಂದ್ಯವೂ ನಮ್ಮ ಬಾವಿಗಳಿಗೆ ಹೊಸತಲ್ಲ. ಗೆಲ್ಲಲೆಂದು ಕೆಲವರು ಮೊದಲು ಬೇಗಬೇಗನೆ ಆಳವಾಗಿ ಹತ್ತಿಪ್ಪತ್ತು ಸಲ ಉಸಿರಾಡುತ್ತಾರೆ. ಉಸಿರು ಬೇಕೆಂಬ ತಹತಹವನ್ನು ಎಬ್ಬಿಸುವುದು ಮುಖ್ಯವಾಗಿ ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್. ಅತಿಯಾಗಿ ಉಸಿರಾಡಿ ಅದನ್ನು ಹೊರಹಾಕಿದರೆ ಎಚ್ಚರಿಕೆಯ ಗಂಟೆ ತಡವಾಗುತ್ತದೆ. ಅಷ್ಟರಲ್ಲಿ ಆಮ್ಲಜನಕ ತೀರಿ, ಸದ್ದಿಲ್ಲದೆ, ಒದ್ದಾಟವಿಲ್ಲದೆ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜು ಬಲ್ಲವರೂ ಹೀಗೆ ಸತ್ತಿದ್ದಾರೆ. ಆದುದರಿಂದ ಮಾಸ್ಕ್, ಫಿನ್‌ಗಳ ಅಭ್ಯಾಸ ಕಾವಲಿರುವ ಈಜುಕೊಳದಲ್ಲಿ ಮಾತ್ರ ನಡೆಯಬೇಕು; ಪಂಪಿನ ಕೊಳವೆ, ಹಗ್ಗ, ಜೊಂಡುಗಳಿರುವ ಬಾವಿ, ಹಿನ್ನೀರುಗಳಲ್ಲಿ ಬೇಡ. ಉಸಿರು ಹಿಡಿಯುವ ಪಂದ್ಯ ಎಲ್ಲಿಯೂ ಬೇಡ.

ಕಲಿಯಲು ಬಹುದೂರ ಹೋಗಬೇಕಾಗಿಲ್ಲ. ತಾರ್ಕರ್ಲಿಯಲ್ಲಿ ಮಹಾರಾಷ್ಟ್ರ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಸ್ಕೂಬಾ ಶಿಕ್ಷಣ ಸಂಸ್ಥೆಯಿದೆ. ಕನ್ನಡದಲ್ಲಿಯೇ ಕೇಳಿ ತಿಳಿಯಬಯಸುವವರಿಗೆ ಉತ್ತರ ಕನ್ನಡದ ಮುರ್ಡೇಶ್ವರವಿದೆ; ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಕರೆದೊಯ್ಯುತ್ತಾರೆ. ಮಳೆಗಾಲದಲ್ಲಿ ಎರಡೂ ಕಡೆ ಕಡಲು ಮುಚ್ಚಿರುತ್ತದೆ. ದೀಪಾವಳಿಯ ರಜೆ ಅನುಕೂಲ. ನೀರೊಳಗೆ ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ, ಕೈಸನ್ನೆಯೊಂದೇ ಭಾಷೆ. ಹೆಬ್ಬೆರಳನ್ನು ಮೇಲೆತ್ತಿದರೆ ಅಲ್ಲಿ ‘ಚೆನ್ನಾಗಿದೆ’ ಎಂದಲ್ಲ, ‘ಮೇಲೆ ಹೋಗೋಣ’ ಎಂದರ್ಥ. ಚೆನ್ನಾಗಿದೆ ಎನ್ನಲು ಹೆಬ್ಬೆರಳು, ತೋರುಬೆರಳುಗಳ ತುದಿ ಕೂಡಿಸಿ ಉಂಗುರ ಮಾಡಬೇಕು. ಇಷ್ಟನ್ನು ಮನೆಯಲ್ಲಿಯೇ, ಕಾಸಿನ ಖರ್ಚಿಲ್ಲದೆ, ಇಂದೇ ಮಕ್ಕಳಿಗೆ ಕಲಿಸಲು ಅಡ್ಡಿಯಿಲ್ಲ.