ಕೇಳದೆ ಏಳುವವರು

‘ಹಳೇದಾತ್ರೀ ಅಕ್ಕಾರ, ಹೊಸಾದು ತಗೋರಿ’ ಎಂದರು ಅಂಗಡಿಯವರು. ಸವಣೂರಿನ ನಮ್ಮ ಮನೆಯ ಲ್ಯಾಪ್‌ಟಾಪ್‌ನಲ್ಲಿರುವುದು ಉಬುಂಟು ಲಿನಕ್ಸ್. ನನ್ನ ಹೊಲಿಗೆಯ ಲೆಕ್ಕವೆಲ್ಲ ಅದರಲ್ಲೇ. ಗುಂಡಿ ಒತ್ತಿ, ಚಹಾ ಕಾಸಿಕೊಂಡು ಬಂದರೂ ಅದಕ್ಕೆ ಎಚ್ಚರವಿಲ್ಲ, ನಿಜ. ಆದರೆ ತಪ್ಪು ವಯಸ್ಸಿನದಲ್ಲ.

ಮಗ ಓದುವಾಗ ಹಾಕಿ ಮರೆತ ಮೈಎಸ್‌ಕ್ಯೂಎಲ್, ಅಪಾಚೆ ದಿನವೂ ಯಂತ್ರದ ಜೊತೆಗೇ ಏಳುತ್ತಿದ್ದವು. ಡೆಬಿಯನ್, ಉಬುಂಟುಗಳಲ್ಲಿ ಇಂಥ ಸರ್ವರ್ ಹಾಕಿದೊಡನೆ ಅದು ಪ್ರತಿ ಸಲವೂ ಏಳುವಂತೆ ಹೆಸರು ಬರೆಸಿಕೊಂಡುಬಿಡುತ್ತದೆ. ಫೆಡೋರಾದಲ್ಲಿ ಸಾಮಾನ್ಯವಾಗಿ ನಾವು ಹೇಳಿದರೆ ಮಾತ್ರ. ಮನೆಯೊಡತಿಯನ್ನು ಒಂದು ಮಾತು ಕೇಳಬಾರದೇ?

‘ಹೆಣ್ಣುಮಕ್ಕಳಿಗ್ಯಾಕ್ರಿ ಇದೆಲ್ಲ?’ ಅನ್ನುವವರಿದ್ದಾರೆ. ನಸುಕಿನಲ್ಲಿ ಯಾರನ್ನು ಎಬ್ಬಿಸಬೇಕು, ಯಾರನ್ನು ಮಲಗಗೊಡಬೇಕು ಎಂಬುದು ನಮಗಿಂತ ಯಾರಿಗೆ ಗೊತ್ತು?

ಟರ್ಮಿನಲ್‌ನಲ್ಲಿ ‘ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್’ ಎಂದರೆ ಯಾರು ಎಷ್ಟು ಹೊತ್ತು ತೆಗೆದುಕೊಂಡರೆಂದು ಚಾಡಿ ಹೇಳುತ್ತದೆ. ‘ಸುಡೊ ಸಿಸ್ಟಮ್‌ಸಿಟಿಎಲ್ ಡಿಸೇಬಲ್’ ಎಂದು ಸೇವೆಯ ಹೆಸರು ಕೊಟ್ಟರೆ ಅದು ಮರುದಿನ ತಾನಾಗಿ ಏಳುವುದಿಲ್ಲ. ಅಳಿಸಿಯೂ ಹೋಗುವುದಿಲ್ಲ, ಬೇಕಾದಾಗ ಕರೆಯಬಹುದು. (ಉಮೇದಿನಲ್ಲಿ ನೆಟ್‌ವರ್ಕ್‌ಮ್ಯಾನೇಜರ್‌ಗೂ ಹೀಗೇ ಮಾಡಿ, ಮರುದಿನವಿಡೀ ಇಂಟರ್ನೆಟ್ ಇಲ್ಲದೆ ಕೂತೆ. ಪರಿಚಯವಿಲ್ಲದ ಹೆಸರನ್ನು ಮುಟ್ಟಬೇಡಿ.)

ಮೊನ್ನೆ ಹಿರೇಕೆರೂರಿನ ಅತ್ತಿಗೆಯ ಯಂತ್ರಕ್ಕೂ ಇದೇ ಮದ್ದು ಮಾಡಿದೆ. ಹೊಸದರ ಬೆಲೆ ಬರೆದ ಚೀಟಿಯ ಬೆನ್ನಿಗೆ ಆಕೆ ಈಗ ಹಾಲಿನ ಲೆಕ್ಕ ಬರೆಯುತ್ತಿದ್ದಾಳೆ.