ಜಾರಿದ್ದು ಕೈಯ ತಪ್ಪೇ?

ಬೇಸಿಗೆ ರಜೆಗೆಂದು ಬೆಂಗಳೂರಿನಿಂದ ಗೌರಸಮುದ್ರಕ್ಕೆ ಬಂದ ಮೊಮ್ಮಗಳು ಈ ಸಲ ತನ್ನೊಡನೆ ಒಂದು ಗಿಟಾರನ್ನೂ ತಂದಿದ್ದಳು. ಬೆಳಿಗ್ಗೆ ಹತ್ತು ಗಂಟೆಗೇ ನೆಲ ಕಾಯುವ ಸೀಮೆ ನಮ್ಮದು. ಪಡಸಾಲೆಯಲ್ಲಿ ಕುಳಿತು ಅಭ್ಯಾಸ ಮಾಡುತ್ತಿದ್ದ ಆ ಹುಡುಗಿಯ ಬೆರಳುಗಳಿಂದ, ತಂತಿ ಮೀಟುವ ಪುಟ್ಟ ಬಿಲ್ಲೆ ಐದು ನಿಮಿಷಕ್ಕೊಮ್ಮೆ ಜಾರಿ ಬೀಳುತ್ತಿತ್ತು. ಒಮ್ಮೆ ನೆಲಕ್ಕೆ ಬಿದ್ದರೆ ಇನ್ನೊಮ್ಮೆ ವಾದ್ಯದ ಹೊಟ್ಟೆಯಲ್ಲಿರುವ ರಂಧ್ರದೊಳಕ್ಕೆ. "ತಾತ, ಮತ್ತೆ ಒಳಗೆ ಹೋಯ್ತು" ಎಂದು ಅವಳು ಕೂಗಿದಾಗಲೆಲ್ಲ ನಾವಿಬ್ಬರೂ ಸೇರಿ ಗಿಟಾರನ್ನು ಬೋರಲು ಹಿಡಿದು, ಅಲುಗಿಸಿ, ಹುಣಿಸೆಕಾಯಿ ಉದುರಿಸಿದಂತೆ ಅದನ್ನು ಉದುರಿಸಿಕೊಳ್ಳಬೇಕಾಗುತ್ತಿತ್ತು.

ವಿಷಯ ತಿಳಿದ ಮಗ ಫೋನಿನಲ್ಲಿ, "ಅಭ್ಯಾಸ ಸಾಲದು ಅಪ್ಪಾ, ಗಟ್ಟಿಯಾಗಿ ಹಿಡಿಯೋಕೆ ಹೇಳಿ" ಎಂದ. ಅವಳು ಗಟ್ಟಿಯಾಗಿ ಹಿಡಿದಳು. ಬಿಲ್ಲೆ ಇನ್ನಷ್ಟು ಜಾರಿತು. ಮೂರನೆಯ ದಿನ ಗಿಟಾರನ್ನು ಚೀಲಕ್ಕೆ ಹಾಕಿ, "ನನ್ನ ಕೈಯೇ ಸರಿ ಇಲ್ಲ ತಾತ" ಎಂದು ಮೂಲೆಗಿಟ್ಟಳು. ಆ ಮಾತು ಕೇಳಿ ನನ್ನ ಎದೆ ಧಸಕ್ಕೆಂದಿತು. ಅದೇ ಮಾತನ್ನು ಹಿಂದೊಮ್ಮೆ ನಾನೇ ಆಡಿದ್ದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನನಗೆ ಗಿಟಾರ್ ಬಾರದು. ಆದರೆ ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಘರ್ಷಣೆಯ ಪಾಠವನ್ನೂ ಸನ್ನೆಕೋಲಿನ ಪಾಠವನ್ನೂ ಹೇಳಿಕೊಟ್ಟವನು. ಹಾಗಾಗಿ ಆ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದೆ. ಅದಕ್ಕೆ ಪಿಕ್ ಎನ್ನುತ್ತಾರೆ, ಪ್ಲೆಕ್ಟ್ರಮ್ ಎಂದೂ ಕರೆಯುತ್ತಾರೆ. ಅವಳ ಬಳಿಯಿದ್ದ ಮೂರೂ ಬಣ್ಣಬಣ್ಣದ, ಕನ್ನಡಿಯಂತೆ ನುಣುಪಾದ ಸೆಲ್ಯುಲಾಯ್ಡ್ ಬಿಲ್ಲೆಗಳು. ಅಂಗಡಿಯ ಗಾಜಿನೊಳಗೆ ಚೆನ್ನಾಗಿ ಕಾಣುವ ಆ ಹೊಳಪೇ ಬೆವರಿದ ಬೆರಳಿಗೆ ಶತ್ರು.

ಗುದ್ದಲಿ ಹಿಡಿಯುವ ಮೊದಲು ನಮ್ಮ ರೈತ ಅಂಗೈಗೆ ಉಗುಳಿಕೊಳ್ಳುತ್ತಾನೆ. ಪೈಲ್ವಾನ ಕುಸ್ತಿಗೆ ಮೊದಲು ಕೈಗೆ ಮಣ್ಣು ಉಜ್ಜಿಕೊಳ್ಳುತ್ತಾನೆ. ಸ್ವಲ್ಪ ತೇವ ಹಿಡಿತ ಕೊಡುತ್ತದೆ, ಹೆಚ್ಚಾದರೆ ಜಾರಿಸುತ್ತದೆ ಎಂಬುದು ಇಬ್ಬರಿಗೂ ಗೊತ್ತು. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯ ಸೀಮೆಯವರಿಗೆ ಜಾರುವ ಕೈಯ ವಿಚಾರವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮೂರ ಮಾರಮ್ಮನ ಜಾತ್ರೆಯಲ್ಲಿ ಉರುಮೆಯ ಮೊರೆತ ಕೇಳದವರುಂಟೇ? ಬಾಗಿದ ಕಡ್ಡಿಯನ್ನು ಚರ್ಮದ ಮೇಲೆ ಉಜ್ಜಿದಾಗ ಆ ನಾದ ಹೊರಡುತ್ತದೆ. ಕಡ್ಡಿ ಪೂರ್ತಿ ಜಾರಿದರೆ ನಾದವಿಲ್ಲ, ಪೂರ್ತಿ ಅಂಟಿದರೂ ಇಲ್ಲ. ವಾದ್ಯಗಾರನ ವಿದ್ಯೆಯೆಲ್ಲ ಆ ನಡುವಿನ ಹದದಲ್ಲಿದೆ.

ನಮ್ಮ ಹಿಂದೂಸ್ತಾನಿ ವಾದಕರು ಈ ತೊಂದರೆಯನ್ನು ಬಹಳ ಹಿಂದೆಯೇ ಬಗೆಹರಿಸಿಕೊಂಡಿದ್ದಾರೆ. ಸಿತಾರದವರು ತಂತಿಯಿಂದ ಮಾಡಿದ ಮಿಜ್ರಾಬನ್ನು ತೋರುಬೆರಳಿಗೆ ಉಂಗುರದಂತೆ ತೊಟ್ಟುಬಿಡುತ್ತಾರೆ. ತೊಟ್ಟದ್ದು ಸುಲಭವಾಗಿ ಬೀಳುವುದಿಲ್ಲ. ಸರೋದದವರು ಬಳಸುವ 'ಜವಾ' ಸಾಮಾನ್ಯವಾಗಿ ತೆಂಗಿನ ಚಿಪ್ಪಿನದು. ಅದನ್ನು ಬೆರಳಲ್ಲೇ ಹಿಡಿಯಬೇಕಾದ್ದರಿಂದ ಹಿಡಿಯುವ ತುದಿಗೆ ದಾರ ಸುತ್ತಿ ಮೇಣ ಮೆತ್ತುವ ರೂಢಿಯಿದೆ. ಕನ್ನಡಿಗರಿಗೆ ಸರೋದ್ ಎಂದೊಡನೆ ನೆನಪಾಗುವವರು ಪಂಡಿತ್ ರಾಜೀವ ತಾರಾನಾಥರು (1932–2024). ಅಲಿ ಅಕ್ಬರ್ ಖಾನರ ಶಿಷ್ಯರಾದ ಅವರು ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರೂ ಆಗಿದ್ದವರು. ದೊಡ್ಡ ದೊಡ್ಡ ಕಲಾವಿದರೇ ಬಳಸುವ ವಾದ್ಯದಲ್ಲಿ ಹಿಡಿತಕ್ಕೆಂದು ದಾರ ಸುತ್ತುವುದು ಅವಮಾನವಲ್ಲ ಎಂದಾದರೆ, ಹನ್ನೆರಡು ವರ್ಷದ ಹುಡುಗಿಗೆ ಅದೇಕೆ ಅವಮಾನವಾಗಬೇಕು?

ಹೀಗೆ ಯೋಚಿಸಿ, ಅವಳೊಡನೆ ನಾಲ್ಕಾರು ದಿನ ಪ್ರಯೋಗ ನಡೆಸಿ, ನಾನು ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ತಂದೆತಾಯಿಗಳು. ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಮೊದಲನೆಯದಾಗಿ, ಮೇಲ್ಮೈ. ಹೊಳೆಯುವುದನ್ನು ಬಿಟ್ಟು, ಸೀಮೆಸುಣ್ಣ ಸವರಿದಂತೆ ಮಂಕಾಗಿರುವುದನ್ನು ಆರಿಸಬೇಕು. ಕೆಲವು ನೈಲಾನ್ ಬಿಲ್ಲೆಗಳಲ್ಲಿ ಬೆರಳು ಕೂರುವೆಡೆ ಉಬ್ಬು ಅಕ್ಷರಗಳನ್ನೋ ಸಣ್ಣ ಚುಕ್ಕೆಗಳನ್ನೋ ಮೂಡಿಸಿರುತ್ತಾರೆ. ಅವು ಅಲಂಕಾರಕ್ಕಲ್ಲ, ಹಿಡಿತಕ್ಕೆ. ನಡುವೆ ತೂತಿರುವ ಬಿಲ್ಲೆಗಳೂ ಉಂಟು. ಅಲ್ಲಿ ಎರಡು ಬೆರಳುಗಳ ಚರ್ಮ ಪರಸ್ಪರ ತಾಗಿ ಹಿಡಿತ ಹೆಚ್ಚುತ್ತದೆ.

ಎರಡನೆಯದು, ದಪ್ಪ. ಇದನ್ನು ಮಿಲಿಮೀಟರಿನಲ್ಲಿ ಬಿಲ್ಲೆಯ ಮೇಲೆಯೇ ಅಚ್ಚು ಹಾಕಿರುತ್ತಾರೆ. 0.46 ಬಲು ತೆಳು, 1.0 ದಪ್ಪ. ತೆಳುವಾದದ್ದು ತಂತಿಗೆ ತಾಗಿದಾಗ ಬಾಗಿಬಿಡುತ್ತದೆ. ದಪ್ಪನೆಯದು ಬಾಗದೆ ಆ ಪೆಟ್ಟನ್ನೆಲ್ಲ ಬೆರಳಿಗೆ ಒಪ್ಪಿಸುತ್ತದೆ. ಹಾಗೆಂದು ತೀರ ತೆಳುವಾದರೆ ಕೈಯಲ್ಲಿ ಏನೂ ಇಲ್ಲದಂತೆನಿಸಿ ಮಕ್ಕಳು ಇನ್ನಷ್ಟು ಬಿಗಿಯಾಗಿ ಅಮುಕುತ್ತಾರೆ. ಕಲಿಯುವವರಿಗೆ 0.70ರ ಆಸುಪಾಸು ಹದವೆಂದು ನನ್ನ ಅಭಿಪ್ರಾಯ.

ಮೂರನೆಯದು, ಹಿಡಿಯುವ ಬಗೆ. ತೋರುಬೆರಳನ್ನು ಸ್ವಲ್ಪ ಮಡಿಸಿ, ಅದರ ಪಕ್ಕಕ್ಕೆ ಬಿಲ್ಲೆಯನ್ನು ಒರಗಿಸಿ, ಮೇಲಿನಿಂದ ಹೆಬ್ಬೆರಳನ್ನು ಅಡ್ಡವಾಗಿ ಇಡಬೇಕು. ತುದಿ ಒಂದು ಜೋಳದ ಕಾಳಿನಷ್ಟು ಮಾತ್ರ ಹೊರಗಿರಲಿ. ನನ್ನ ಮೊಮ್ಮಗಳು ಅರ್ಧ ಬಿಲ್ಲೆಯನ್ನೇ ಹೊರಗೆ ಚಾಚಿರುತ್ತಿದ್ದಳು. ಸನ್ನೆಕೋಲು ಉದ್ದವಾದಷ್ಟೂ ಸಣ್ಣ ಬಲವೂ ದೊಡ್ಡ ಭಾರವನ್ನು ತಿರುಗಿಸುತ್ತದೆಯಲ್ಲವೇ? ಇಲ್ಲಿ ತಂತಿಯೇ ಬಲ, ಅವಳ ಬಿಲ್ಲೆಯೇ ಕೋಲು. ತಿರುಗದೆ ಇನ್ನೇನು ಮಾಡೀತು?

ನಾಲ್ಕನೆಯದು, ದುಡ್ಡಿಲ್ಲದ ಉಪಾಯಗಳು. ಸೂಜಿಯಿಂದ ಬಿಲ್ಲೆಯ ಎರಡೂ ಬದಿಗೆ ಅಡ್ಡಡ್ಡ ಗೀರು ಹಾಕಬಹುದು, ಇಲ್ಲವೆ ಬಡಗಿಯ ಉಪ್ಪುಕಾಗದದಿಂದ ಉಜ್ಜಬಹುದು. ಆದರೆ ತಂತಿಗೆ ತಾಗುವ ತುದಿಯನ್ನು ಮುಟ್ಟಬಾರದು. ಅದು ಒರಟಾದರೆ ನಾದವೂ ಒರಟಾಗುತ್ತದೆ. ಪಿಟೀಲಿನ ಕಮಾನಿಗೆ ಹಚ್ಚುವ ರಾಳವನ್ನು ಬೆರಳಿಗೆ ಚೂರು ಸವರಿಕೊಳ್ಳಬಹುದು. ಎಲ್ಲಕ್ಕಿಂತ ಮೊದಲು ಸೋಪಿನಿಂದ ಕೈ ತೊಳೆದು ಒರೆಸಿಕೊಳ್ಳುವುದು. ಕಡಲೆಕಾಯಿ ತಿಂದ ಕೈಯಲ್ಲಿ ಗಿಟಾರ್ ಮುಟ್ಟಿದರೆ ಯಾವ ಬಿಲ್ಲೆಯೂ ನಿಲ್ಲದು.

ಬಹಳ ಬೆಲೆಯದೇ ಬೇಕೆಂಬುದು ಭ್ರಮೆ. ಒಂದು ಕಾಲದಲ್ಲಿ ಕಡಲಾಮೆಯ ಚಿಪ್ಪಿನ ಬಿಲ್ಲೆಯೇ ಶ್ರೇಷ್ಠವೆಂದು ನಂಬಿ ಬಡಪ್ರಾಣಿಯನ್ನು ಕೊಂದದ್ದಾಯಿತು. 1970ರ ದಶಕದಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಗಿ ಆ ವ್ಯಾಪಾರಕ್ಕೆ ತಡೆ ಬಿತ್ತು. ಇತ್ತ, ಕ್ವೀನ್ ತಂಡದ ಜಗತ್ಪ್ರಸಿದ್ಧ ವಾದಕ ಬ್ರಿಯಾನ್ ಮೇ ನುಡಿಸುವುದು ಚಲಾವಣೆಯಿಲ್ಲದ ಹಳೆಯ ಆರು ಪೆನ್ನಿಯ ನಾಣ್ಯದಿಂದ. ತನ್ನ ಕೈಗೆ ಯಾವುದು ಒಗ್ಗುತ್ತದೆಂದು ಆತ ತಾನೇ ಹುಡುಕಿಕೊಂಡ, ಅಷ್ಟೇ.

ಇನ್ನು ನಾನು ಹೇಳುತ್ತೇನೆಂದ ಮಾತು.

ಸುಮಾರು ನಾಲ್ಕು ದಶಕಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬೇಡ. ಅವನ ಅಂಗೈ ಮಳೆಗಾಲದಲ್ಲೂ ಬೆವರುತ್ತಿತ್ತು. ಪೆನ್ನು ಜಾರುತ್ತಿತ್ತು, ಶಾಯಿ ಹರಡುತ್ತಿತ್ತು, ಪುಟ ಒದ್ದೆಯಾಗಿ ಹರಿಯುತ್ತಿತ್ತು. ನಾನು ಅದನ್ನು ಅಲಕ್ಷ್ಯವೆಂದು ತಿಳಿದೆ. ಅಡಿಪಟ್ಟಿಯಿಂದ ಗೆಣ್ಣಿಗೆ ಹೊಡೆದದ್ದೂ ಉಂಟು. ಒಂದು ದಿನ ಅವನು ಪೆನ್ನಿಗೆ ಹಿಡಿಯುವ ಕಡೆ ಹತ್ತಿಯ ದಾರವನ್ನು ಒತ್ತೊತ್ತಾಗಿ, ಬಹಳ ಅಚ್ಚುಕಟ್ಟಾಗಿ ಸುತ್ತಿಕೊಂಡು ಬಂದ. ಇದೇನು ಆಟವೆಂದು ಗದರಿಸಿ, ಇಡೀ ತರಗತಿಯ ಎದುರು ಅವನ ಕೈಯಲ್ಲೇ ಆ ದಾರವನ್ನು ಬಿಚ್ಚಿಸಿದೆ. "ನಿನ್ನ ಕೈಯೇ ಸರಿ ಇಲ್ಲ" ಎಂದೆ. ಮಕ್ಕಳು ನಕ್ಕರು. ಅವನು ದಾರವನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಅದಕ್ಕೆ ನಾನೊಬ್ಬನೇ ಕಾರಣವೆಂದು ಹೇಳಲಾರೆ, ನಾನಲ್ಲವೆಂದೂ ಹೇಳಲಾರೆ.

ಘರ್ಷಣೆಯಿಂದ ಆಗುವ ಉಪಯೋಗಗಳನ್ನು ಕಪ್ಪುಹಲಗೆಯ ಮೇಲೆ ಬರೆಸಿದವನು ನಾನು. ಆ ಪಾಠ ನಿಜವಾಗಿ ಅರ್ಥವಾಗಿದ್ದುದು ಆ ಹುಡುಗನಿಗೆ. ಸರೋದ್ ವಾದಕರು ಮಾಡುವುದನ್ನೇ ಅವನು ಯಾರೂ ಹೇಳಿಕೊಡದೆ ಮಾಡಿದ್ದ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಮಗುವಿನ ಕೈಯಿಂದ ಏನಾದರೂ ಜಾರಿದಾಗ, ಅದು ಬಿಲ್ಲೆಯಿರಲಿ, ಪೆನ್ನಿರಲಿ, "ಗಟ್ಟಿಯಾಗಿ ಹಿಡಿ" ಎನ್ನುವುದು ಸುಲಭದ ಮಾತು. ಹೆದರಿದ ಕೈ ಹೆಚ್ಚು ಬೆವರುತ್ತದೆ, ಬೆವರಿದ ಕೈ ಹೆಚ್ಚು ಜಾರಿಸುತ್ತದೆ. ಮೊದಲು ವಸ್ತುವನ್ನು ನೋಡೋಣ, ಆಮೇಲೆ ಹಿಡಿತವನ್ನು, ಎಲ್ಲಕ್ಕೂ ಕೊನೆಗೆ ಮಗುವನ್ನು.

ಹಳೆಯ ಬಿಲ್ಲೆಗೆ ಗೀರು ಹಾಕಿ, ಅದರ ಹಿಡಿಯುವ ಭಾಗಕ್ಕೆ ನಾನೇ ದಾರ ಸುತ್ತಿಕೊಟ್ಟೆ. ನನ್ನ ಕೈ ನಡುಗುವುದರಿಂದ ಅಷ್ಟೊಂದು ಅಚ್ಚುಕಟ್ಟಾಗಿ ಬರಲಿಲ್ಲ. ಮೊಮ್ಮಗಳು ಆ ಸಂಜೆ ಒಂದು ಹಾಡನ್ನು ಪೂರ್ತಿ ನುಡಿಸಿದಳು. ದಾರ ಸುತ್ತಿದ ಆ ಹುಡುಗ ಎಲ್ಲಿಯಾದರೂ ಇದನ್ನು ಓದುತ್ತಿದ್ದರೆ, ಒಮ್ಮೆ ನಮ್ಮ ಮನೆಗೆ ಬರಲಿ. ನಾನು ಅವನಲ್ಲಿ ಕ್ಷಮೆ ಕೇಳಬೇಕಾಗಿದೆ.